ಮದ್ದಿನ ಹಣ ಕಾರ್ಡಿನ ಕಂತಿಗೆ ಹೋಗದಿರಲಿ

ಕಾಯಿಲೆ ಬಂದರೆ ಆಸ್ಪತ್ರೆಗೆಷ್ಟು, ಮದ್ದಿಗೆಷ್ಟು ಎಂಬ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ. ಆದರೆ ಮದ್ದಿಗಾಗಿ ಮಾಡಿದ ಸಾಲವೇ ಮುಂದೆ ರೋಗಿಯ ಕೈಯಿಂದ ಮದ್ದನ್ನು ಕಿತ್ತುಕೊಳ್ಳಬಹುದು ಎಂದು ಯೋಚಿಸುವವರು ಕಡಿಮೆ. ಅಪಘಾತ, ಪಾರ್ಶ್ವವಾಯು ಅಥವಾ ನರಗಳ ಕಾಯಿಲೆಯಿಂದ ದುಡಿಯುವ ಶಕ್ತಿ ಕಳಕೊಂಡು, ಸರಕಾರದ ಮಾಸಾಶನವನ್ನೇ ನಂಬಿರುವವರಿಗೆ ಕ್ರೆಡಿಟ್ ಕಾರ್ಡಿನ ಬಾಕಿ ಎಂಬುದು ಎರಡನೆಯ ಕಾಯಿಲೆ. ಮೊದಲನೆಯದನ್ನು ವೈದ್ಯರಿಗೆ ತೋರಿಸುತ್ತಾರೆ. ಎರಡನೆಯದನ್ನು ಹೆಂಡತಿ ಮಕ್ಕಳಿಗೂ ಹೇಳದೆ ಬಚ್ಚಿಡುತ್ತಾರೆ.

ಉಡುಪಿ ಜಿಲ್ಲೆಯ ಜನರಿಗೆ ಬ್ಯಾಂಕು ಹೊಸತಲ್ಲ. ಕಾರ್ಪೊರೇಶನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲೇ ಹುಟ್ಟಿದವು. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕು ಎಂದು ಮನೆಬಾಗಿಲಿಗೆ ಬಂದ ಪಿಗ್ಮಿ ಠೇವಣಿ 1928ರದ್ದು. 2020ರ ಏಪ್ರಿಲ್ 1ರಂದು ಮೊದಲನೆಯದು ಯೂನಿಯನ್ ಬ್ಯಾಂಕಿನಲ್ಲಿ, ಎರಡನೆಯದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದವು. ಸಾಲವನ್ನು ಹೇಗಾದರೂ ತೀರಿಸಬೇಕು, ಬಾಕಿ ಉಳಿಸಿಕೊಳ್ಳುವುದು ಮಾನಗೇಡು ಎಂಬ ಭಾವನೆ ಇಲ್ಲಿಯವರಲ್ಲಿ ಆಳವಾಗಿ ಬೇರೂರಿದೆ. ಈ ಗುಣ ಒಳ್ಳೆಯದೇ. ಆದರೆ ಕಾಯಿಲೆ ಬಿದ್ದವರಿಗೆ ಇದೇ ಗುಣ ಕೆಲವೊಮ್ಮೆ ಮುಳುವಾಗುತ್ತದೆ.

ಹಾಸಿಗೆ ಗಿಡ್ಡವಾದಾಗ

ಕಾಪು ಕಡೆಯ ಒಬ್ಬ ಟೆಂಪೋ ಚಾಲಕನಿದ್ದಾನೆ ಎಂದಿಟ್ಟುಕೊಳ್ಳಿ. ದುಡಿಯುವ ಕಾಲದಲ್ಲಿ ಒಂದು ಕಾರ್ಡ್ ತೆಗೆದುಕೊಂಡ, ತಿಂಗಳು ತಿಂಗಳೂ ಪೂರ್ತಿ ಹಣ ಕಟ್ಟುತ್ತಿದ್ದ. ಒಂದು ಬೆಳಿಗ್ಗೆ ಬಲಗೈ, ಬಲಗಾಲು ಸ್ವಾಧೀನ ತಪ್ಪಿತು. ಆಸ್ಪತ್ರೆಯ ಮುಂಗಡ, ಸ್ಕ್ಯಾನಿಂಗ್, ಮದ್ದು, ಮನೆಗೆ ಬಂದ ಮೇಲೆ ವ್ಯಾಯಾಮ ಚಿಕಿತ್ಸೆ, ಎಲ್ಲಕ್ಕೂ ಕಾರ್ಡೇ ಆಧಾರವಾಯಿತು. ಆರು ತಿಂಗಳಲ್ಲಿ ಬಾಕಿ 50 ಸಾವಿರ ರೂ. ಮುಟ್ಟಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಬುದ್ಧಿಮಾತು ಇವನಿಗೆ ಸಲ್ಲದು. ಇವನು ಕಾಲು ಚಾಚಿದಾಗ ಹಾಸಿಗೆ ಸರಿಯಾಗಿಯೇ ಇತ್ತು, ಗಿಡ್ಡವಾದದ್ದು ಆಮೇಲೆ.

ಈಗ ಅವನ ಆದಾಯವೇನು? ಕೇಂದ್ರ ಸರಕಾರದ ಅಂಗವಿಕಲರ ಪಿಂಚಣಿ ಯೋಜನೆ 2009ರಲ್ಲಿ ಆರಂಭವಾಯಿತು. ಅದರಲ್ಲಿ ಕೇಂದ್ರದ ಪಾಲು 2012ರಲ್ಲಿ ತಿಂಗಳಿಗೆ 300 ರೂ. ಆಯಿತು. ರಾಜ್ಯ ಸರಕಾರ ಅಂಗವೈಕಲ್ಯದ ಪ್ರಮಾಣ ನೋಡಿ ತನ್ನ ಪಾಲು ಸೇರಿಸಿದರೂ ಕೈಗೆ ಬರುವುದು ಒಂದೆರಡು ಸಾವಿರದ ಮಾತು.

ಕನಿಷ್ಠ ಮೊತ್ತ ಎಂಬ ಭ್ರಮೆ

ಕಾರ್ಡಿನ ಬಿಲ್ಲಿನಲ್ಲಿ ‘ಪಾವತಿಸಬೇಕಾದ ಕನಿಷ್ಠ ಮೊತ್ತ’ ಎಂಬ ಸಾಲೊಂದಿರುತ್ತದೆ. ಅಷ್ಟನ್ನು ಕಟ್ಟಿದರೆ ಸಾಕು ಎಂದು ಹೆಚ್ಚಿನವರು ಭಾವಿಸುತ್ತಾರೆ. ಲೆಕ್ಕ ಹಾಕಿ ನೋಡೋಣ. ಹಲವು ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇ. 3ರಿಂದ 3.75ರವರೆಗೆ ಇರುತ್ತದೆ. ಶೇ. 3.5 ಎಂದು ಹಿಡಿದರೆ 50 ಸಾವಿರಕ್ಕೆ ಒಂದು ತಿಂಗಳ ಬಡ್ಡಿ 1,750 ರೂ. ಬಡ್ಡಿಯ ಮೇಲೆ ಶೇ. 18ರ ಜಿಎಸ್‌ಟಿ 315 ರೂ. ಒಟ್ಟು 2,065 ರೂ. ಕನಿಷ್ಠ ಮೊತ್ತವೆಂದು ಶೇ. 5ರಂತೆ 2,500 ರೂ. ಕಟ್ಟಿದರೆ ಅಸಲಿಗೆ ಸಲ್ಲುವುದು ಬರೇ 435 ರೂ. ನಮ್ಮ ಚಾಲಕನ ಇಡೀ ಮಾಸಾಶನ ಕಟ್ಟಿದರೂ ಬಡ್ಡಿಗೇ ಸಾಲದು.

ಇನ್ನೂ ಒಂದು ಮಾತು. ಬಾಕಿ ಉಳಿಸಿಕೊಂಡವರಿಗೆ ಬಡ್ಡಿರಹಿತ ಅವಧಿ ಇರುವುದಿಲ್ಲ. ಹೊಸದಾಗಿ ಕೊಂಡ ಮದ್ದಿನ ಮೇಲೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಎಟಿಎಂನಿಂದ ನಗದು ತೆಗೆದರೆ ಶುಲ್ಕ ಬೇರೆ. ಶೇ. 30 ಮೀರಿದ ವಾರ್ಷಿಕ ಬಡ್ಡಿ ಅನುಚಿತ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಆ ಆದೇಶವನ್ನು ರದ್ದುಪಡಿಸಿತು. ಆದ್ದರಿಂದ ಬಡ್ಡಿ ತಾನಾಗಿ ಇಳಿದೀತೆಂದು ಕಾಯುವುದು ವ್ಯರ್ಥ.

ದೇಹ ತೆರುವ ಬಡ್ಡಿ

ಕಂತು ಕಟ್ಟಲು ಹಣ ಎಲ್ಲಿಂದ ಬರಬೇಕು? ಅಕ್ಕಿ ಕಡಿಮೆ ಮಾಡಿದರೆ ಮನೆಯವರಿಗೆ ಗೊತ್ತಾಗುತ್ತದೆ. ವಿದ್ಯುತ್ ಬಿಲ್ಲು ಕಟ್ಟದಿದ್ದರೆ ಊರಿಗೇ ಗೊತ್ತಾಗುತ್ತದೆ. ಯಾರಿಗೂ ಗೊತ್ತಾಗದಂತೆ ಕಡಿಮೆ ಮಾಡಬಹುದಾದದ್ದು ಒಂದೇ, ತಾನು ನುಂಗುವ ಮಾತ್ರೆ. ದಿನಕ್ಕೆರಡು ಇದ್ದದ್ದು ಒಂದಾಗುತ್ತದೆ, ಅನಂತರ ದಿನ ಬಿಟ್ಟು ದಿನ ಆಗುತ್ತದೆ.

ಇದು ತೀರಾ ಅಪಾಯಕಾರಿ. ಒಮ್ಮೆ ಪಾರ್ಶ್ವವಾಯು ಬಂದವರಿಗೆ ಮತ್ತೊಮ್ಮೆ ಬರುವ ಸಂಭವ ಇತರರಿಗಿಂತ ಹೆಚ್ಚು. ರಕ್ತದೊತ್ತಡದ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನಿಂತರೆ ಅಪಾಯ ಇನ್ನಷ್ಟು ಏರುತ್ತದೆ. ಅಪಸ್ಮಾರದ ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಸೆಳವು ಮರುಕಳಿಸಿ ಜೀವಕ್ಕೇ ಸಂಚಕಾರ ಬರಬಹುದು. ಇನ್ಸುಲಿನ್, ಮಾನಸಿಕ ಕಾಯಿಲೆಯ ಮದ್ದು ಇವಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಉಳಿಸಿದ ಕೆಲವು ನೂರು ರೂಪಾಯಿಗೆ ಪ್ರತಿಯಾಗಿ ಮತ್ತೊಂದು ಆಸ್ಪತ್ರೆ ವಾಸ, ಮತ್ತೊಂದು ಸಾಲ!

ಸಾಲದ ಚಿಂತೆ ನಿದ್ರೆಯನ್ನೂ ಹಸಿವನ್ನೂ ಕೆಡಿಸುತ್ತದೆ. ಫೋನ್ ಸದ್ದಾದರೆ ಎದೆ ಡವಗುಟ್ಟುವುದು, ಬಿಲ್ಲಿನ ಲಕೋಟೆ ಬಿಚ್ಚದೆ ಇಡುವುದು, ತಾನು ಮನೆಯವರಿಗೆ ಹೊರೆ ಎಂಬ ಮಾತು ಬಾಯಿಗೆ ಬರುವುದು ಖಿನ್ನತೆಯ ಸೂಚನೆಗಳು. ಇವನ್ನು ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ದೊಡ್ಡಣಗುಡ್ಡೆಯ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ.

ಖರ್ಚಿಗೊಂದು ಸರತಿ

ಮಾಸಾಶನ ಬಂದೊಡನೆ ಯಾವುದಕ್ಕೆ ಮೊದಲು ಎಂಬುದನ್ನು ಕಾಗದದ ಮೇಲೆ ಬರೆದಿಡಿ. ಮೊದಲು ಮದ್ದು ಮತ್ತು ಊಟ. ಬಳಿಕ ಬಾಡಿಗೆ, ವಿದ್ಯುತ್, ನೀರು. ಆಮೇಲೆ ಆಸ್ಪತ್ರೆಗೆ ಹೋಗಿಬರುವ ಖರ್ಚು. ಕ್ರೆಡಿಟ್ ಕಾರ್ಡ್ ಕೊನೆಗೆ. ಇದು ಬೇಜವಾಬ್ದಾರಿಯ ಮಾತಲ್ಲ. ಕಾರ್ಡ್ ಸಾಲಕ್ಕೆ ಯಾವ ಆಸ್ತಿಯ ಅಡಮಾನವೂ ಇರುವುದಿಲ್ಲ. ಕಟ್ಟದಿದ್ದರೆ ಬಡ್ಡಿ, ತಗಾದೆ, ಸಾಲದ ದಾಖಲೆಯಲ್ಲಿ ಕಪ್ಪು ಗುರುತು, ಮುಂದೆ ಸಿವಿಲ್ ದಾವೆ ಬರಬಹುದು. ಇವೆಲ್ಲ ಕಷ್ಟಗಳೇ. ಆದರೆ ಮಾತ್ರೆ ಬಿಟ್ಟರೆ ಬರುವ ಕಷ್ಟಕ್ಕೆ ಇವು ಸಾಟಿಯಲ್ಲ.

ಮದ್ದಿನ ಖರ್ಚನ್ನು ಸರಿಯಾದ ದಾರಿಯಲ್ಲಿ ಇಳಿಸಬಹುದು. ಅದೇ ರಾಸಾಯನಿಕ ಹೆಸರಿನ ಮದ್ದು ಜನೌಷಧಿ ಕೇಂದ್ರಗಳಲ್ಲಿ ಬಹಳ ಅಗ್ಗ. ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಕಾರ್ಕಳದ ತಾಲೂಕು ಆಸ್ಪತ್ರೆಗಳಿಗೆ ಹೋಗಿ, ನಿಮ್ಮ ಚೀಟಿಯಲ್ಲಿರುವ ಯಾವ ಮದ್ದು ಉಚಿತವಾಗಿ ಸಿಗುತ್ತದೆ ಎಂದು ವಿಚಾರಿಸಿ. ಬದಲಾವಣೆ ಏನಿದ್ದರೂ ವೈದ್ಯರನ್ನು ಕೇಳಿಯೇ ಮಾಡಬೇಕು. ‘ಇಷ್ಟು ದುಬಾರಿ ಮದ್ದು ನನ್ನಿಂದಾಗದು’ ಎಂದು ವೈದ್ಯರಲ್ಲಿ ಹೇಳಲು ಸಂಕೋಚ ಬೇಡ. ಅದೂ ರೋಗಲಕ್ಷಣ ಹೇಳಿದ ಹಾಗೆಯೇ.

ಬ್ಯಾಂಕಿಗೆ ಏನು ಬರೆಯಬೇಕು?

ಮೊದಲ ಕೆಲಸ, ಕಾರ್ಡಿನ ಬಳಕೆ ನಿಲ್ಲಿಸುವುದು. ಎರಡನೆಯದು, ಬ್ಯಾಂಕಿಗೆ ಲಿಖಿತ ಅರ್ಜಿ. ಫೋನಿನಲ್ಲಿ ಆಡಿದ ಮಾತಿಗೆ ಪುರಾವೆ ಇರುವುದಿಲ್ಲ. ಕಾಯಿಲೆ ಯಾವಾಗ ಬಂತು, ಅಂಗವೈಕಲ್ಯ ಶೇಕಡ ಎಷ್ಟು, ತಿಂಗಳ ಆದಾಯವೆಷ್ಟು, ಖರ್ಚೆಷ್ಟು, ತಿಂಗಳಿಗೆ ಎಷ್ಟು ಕಟ್ಟಬಲ್ಲೆ ಎಂಬುದನ್ನು ಒಂದೇ ಪುಟದಲ್ಲಿ ಬರೆಯಿರಿ. ಅಂಗವೈಕಲ್ಯ ಪ್ರಮಾಣಪತ್ರದ ಪ್ರತಿ ಲಗತ್ತಿಸಿ. ಬಡ್ಡಿ ಮತ್ತು ದಂಡ ಶುಲ್ಕ ನಿಲ್ಲಿಸಬೇಕು, ಬಾಕಿಯನ್ನು ಕಡಿಮೆ ಬಡ್ಡಿಯ ಸಣ್ಣ ಕಂತುಗಳಾಗಿ ಮಾರ್ಪಡಿಸಬೇಕು ಅಥವಾ ಒಂದೇ ಗಂಟಿನ ಇತ್ಯರ್ಥಕ್ಕೆ ಒಪ್ಪಬೇಕು ಎಂದು ಕೇಳಿ. ‘ಏನೂ ಕಟ್ಟಲಾರೆ’ ಎಂಬುದೇ ಸತ್ಯವಾದರೆ ಅದನ್ನೇ ಬರೆಯಿರಿ. ಪಾಲಿಸಲಾಗದ ಮಾತು ಕೊಡಬೇಡಿ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಮೇ ತಿಂಗಳಿಂದ ಸಾಲಗಾರರಿಗೆ 60 ದಿನಗಳ ‘ಉಸಿರಾಡುವ ಅವಕಾಶ’ವನ್ನು ಕಾನೂನೇ ಕೊಟ್ಟಿದೆ. ಆ ಅವಧಿಯಲ್ಲಿ ಹೆಚ್ಚಿನ ಸಾಲಗಳ ಬಡ್ಡಿಯೂ ಇಲ್ಲ, ತಗಾದೆಯೂ ಇಲ್ಲ. ನಮ್ಮಲ್ಲಿ ಅಂಥ ಕಾನೂನಿಲ್ಲದ ಕಾರಣ ಬಾಯಿಬಿಟ್ಟು ಕೇಳಿಯೇ ಪಡೆಯಬೇಕು. ಇತ್ಯರ್ಥವಾದರೆ ಒಪ್ಪಂದದ ಪತ್ರ ಕೈಗೆ ಬರುವ ಮೊದಲು ಹಣ ಕಟ್ಟಬೇಡಿ. ಕಟ್ಟಿದ ಮೇಲೆ ಬಾಕಿ ಇಲ್ಲವೆಂಬ ಪತ್ರ ಪಡೆಯಲು ಮರೆಯಬೇಡಿ. ನಿಮ್ಮ ದೂರಿಗೆ ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಮಾಹಿತಿಗೆ 14448.

ಜೈಲಿನ ಭಯ ಬೇಡ

‘ಪೊಲೀಸರನ್ನು ಕರೆತರುತ್ತೇವೆ’ ಎಂಬ ಬೆದರಿಕೆಗೆ ಹೆದರಿ ಕಿವಿಯೋಲೆ ಮಾರಿದವರಿದ್ದಾರೆ. ಪ್ರಾಮಾಣಿಕವಾಗಿ ಮಾಡಿದ ಸಾಲವನ್ನು ಬಡತನದಿಂದ ತೀರಿಸಲಾಗದಿರುವುದು ಅಪರಾಧವಲ್ಲ, ಅದು ಸಿವಿಲ್ ವ್ಯಾಜ್ಯ. ಕೊಚ್ಚಿನ್ ಬ್ಯಾಂಕಿನ ವಿರುದ್ಧ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1980ರಲ್ಲಿಯೇ ಇದನ್ನು ಸ್ಪಷ್ಟಪಡಿಸಿದೆ. ಶಕ್ತಿ ಇದ್ದೂ ದುರುದ್ದೇಶದಿಂದ ಕಟ್ಟದವನ ಮಾತು ಬೇರೆ, ಕೈಲಾಗದವನನ್ನು ಸೆರೆಗೆ ತಳ್ಳುವುದು ನ್ಯಾಯವಲ್ಲ ಎಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ತೀರ್ಪಿತ್ತಿತು. ವಸೂಲಿಗಾರರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಬಳಿಕ ಕರೆ ಮಾಡಬಾರದು, ಬೆದರಿಸಬಾರದು, ನೆಂಟರಿಷ್ಟರ ಮುಂದೆ ಅವಮಾನಿಸಬಾರದು ಎಂದು 2022ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿದೆ.

ಕಾರ್ಕಳದ ಗೇರುಬೀಜ ಕಾರ್ಖಾನೆಯಂಥಲ್ಲಿ ದುಡಿದು ಇಎಸ್‌ಐ ಪರಿಹಾರ ಪಡೆಯುವವರು ತಿಳಿದಿರಬೇಕಾದ ವಿಷಯ ಒಂದಿದೆ. ಇಎಸ್‌ಐ ಯೋಜನೆಯಡಿ ಸಿಗುವ ನಗದು ಸೌಲಭ್ಯವನ್ನು ಕೋರ್ಟಿನ ಡಿಕ್ರಿಯಿಂದಲೂ ಜಪ್ತಿ ಮಾಡುವಂತಿಲ್ಲ. ಕೆಲಸದಲ್ಲಿ ಗಾಯಗೊಂಡವರಿಗೆ ಕಾನೂನಿನಡಿ ದೊರೆಯುವ ಪರಿಹಾರಕ್ಕೂ ಅದೇ ರಕ್ಷಣೆ ಇದೆ. ಅಡುಗೆ ಪಾತ್ರೆ, ಹಾಸಿಗೆ, ಉಡುವ ಬಟ್ಟೆಗಳಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯೇ ರಕ್ಷಣೆ ನೀಡಿದೆ.

ಆದರೆ ಖಾತೆಗೆ ಬಿದ್ದ ಹಣದ ವಿಷಯದಲ್ಲಿ ಎಚ್ಚರ ಬೇಕು. ಮಾಸಾಶನ ಜಮೆಯಾಗುವ ಖಾತೆ ಮತ್ತು ಕಾರ್ಡ್ ಒಂದೇ ಬ್ಯಾಂಕಿನದ್ದಾದರೆ ಮಾಸಾಶನವನ್ನು ಅಂಚೆ ಕಚೇರಿ ಅಥವಾ ಬೇರೆ ಬ್ಯಾಂಕಿನ ಖಾತೆಗೆ ಬದಲಾಯಿಸಿಕೊಳ್ಳಿ. ತಾನಾಗಿ ಹಣ ಕಡಿತವಾಗುವ ಆದೇಶವಿದ್ದರೆ ಲಿಖಿತವಾಗಿ ರದ್ದುಪಡಿಸಿ.

ಕೋರ್ಟಿನಿಂದ ನೋಟಿಸ್ ಬಂದರೆ ಸುಮ್ಮನಿರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ವಿಕಲಚೇತನರಿಗೆ ಉಚಿತ ವಕೀಲರ ನೆರವು ಸಿಗುತ್ತದೆ. ಉಡುಪಿ ನ್ಯಾಯಾಲಯ ಸಂಕೀರ್ಣದಲ್ಲಿ ಜಿಲ್ಲಾ ಪ್ರಾಧಿಕಾರವಿದೆ. ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ಇಂಥ ಸಾಲಗಳು ರಾಜಿಯಲ್ಲಿ ಮುಗಿಯುವುದುಂಟು.

ಮಾಡಬಾರದ ನಾಲ್ಕು ಕೆಲಸ

ಒಂದು, ಒಂದು ಕಾರ್ಡಿನ ಬಾಕಿ ತೀರಿಸಲು ಇನ್ನೊಂದು ಕಾರ್ಡ್ ಅಥವಾ ಮೊಬೈಲ್ ಆ್ಯಪ್ ಸಾಲ ತೆಗೆಯಬೇಡಿ. ಎರಡು, ಕಾರ್ಡಿನ ಸಾಲಕ್ಕಾಗಿ ಬಂಗಾರ, ಮನೆ ಅಡವಿಡಬೇಡಿ. ಬಡ್ಡಿ ಕಡಿಮೆಯಿದ್ದರೂ ಬಿಡಿಸಿಕೊಳ್ಳುವ ಆದಾಯವಿಲ್ಲದಿದ್ದರೆ ಅಡಮಾನವೇ ಇಲ್ಲದಿದ್ದ ಸಾಲಕ್ಕೆ ಇದ್ದದ್ದನ್ನೂ ಕಳಕೊಂಡಂತಾಗುತ್ತದೆ. ಮೂರು, ಸಹಿ ಹಾಕಿದ ಖಾಲಿ ಚೆಕ್ಕು ಯಾರಿಗೂ ಕೊಡಬೇಡಿ. ಸಾಲ ಸಿವಿಲ್ ವಿಷಯ, ಚೆಕ್ ಅಮಾನ್ಯವಾಗುವುದು ಕ್ರಿಮಿನಲ್ ವಿಷಯ. ನಾಲ್ಕು, ಮಗನನ್ನೋ ಮಗಳನ್ನೋ ಜಾಮೀನಿಗೆ ಎಳೆಯಬೇಡಿ. ಸಹಿ ಹಾಕದ ಮಕ್ಕಳು ನಿಮ್ಮ ಕಾರ್ಡಿನ ಸಾಲಕ್ಕೆ ತಮ್ಮ ದುಡಿಮೆಯಿಂದ ಹೊಣೆಗಾರರಲ್ಲ.

ಬರಬೇಕಾದ ಹಣ

ಸಾಲ ಇಳಿಸುವುದರ ಜತೆಗೆ ಹಕ್ಕಿನ ಹಣವನ್ನೂ ಪಡೆಯಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸಿದೆ. ಪಾರ್ಕಿನ್ಸನ್, ಕುಡುಗೋಲು ಕಣ ರಕ್ತಹೀನತೆ, ದೀರ್ಘಕಾಲದ ಮಾನಸಿಕ ಕಾಯಿಲೆಗಳೂ ಅದರಲ್ಲಿ ಸೇರಿವೆ. ಶೇ. 40 ಅಥವಾ ಹೆಚ್ಚಿನ ಪ್ರಮಾಣಕ್ಕೆ ಗುರುತಿನ ಚೀಟಿ ಮಾಡಿಸಿಕೊಂಡು ನಾಡಕಚೇರಿಯಲ್ಲಿ ಮಾಸಾಶನಕ್ಕೆ ಅರ್ಜಿ ಹಾಕಬೇಕು. ಗ್ರಾಮ ಪಂಚಾಯತಿನ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ನೆರವಾಗುತ್ತಾರೆ. ಅಪಘಾತದಿಂದ ಅಂಗ ಊನವಾದವರು ಪಾಸ್‌ಬುಕ್ಕನ್ನು ಒಮ್ಮೆ ತಿರುವಿ ನೋಡಲಿ. ವರ್ಷಕ್ಕೆ 20 ರೂ. ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ವಿಮೆ ಇರಬಹುದು. ಒಂದು ಕೈ ಅಥವಾ ಒಂದು ಕಾಲು ಪೂರ್ತಿ ಕಳಕೊಂಡರೆ 1 ಲಕ್ಷ, ಎರಡನ್ನೂ ಕಳಕೊಂಡರೆ 2 ಲಕ್ಷ ರೂ. ಪರಿಹಾರ ಅದರಲ್ಲಿದೆ. ಮುಂದಿನ ಆಸ್ಪತ್ರೆ ವಾಸಕ್ಕೆ ಕಾರ್ಡ್ ಉಜ್ಜುವ ಮೊದಲು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಸೌಲಭ್ಯ ಇದೆಯೇ ಎಂದು ಆಸ್ಪತ್ರೆಯಲ್ಲಿ ಕೇಳಿ.

ಮನೆಯವರಿಗೂ ಒಂದು ಮಾತು. ರೋಗಿಯ ಮಾತ್ರೆಯ ಡಬ್ಬಿಯನ್ನು ವಾರಕ್ಕೊಮ್ಮೆ ನೋಡಿ. ತೀರಬೇಕಾದ ದಿನಕ್ಕೆ ತೀರದೆ ಉಳಿದಿದ್ದರೆ ಗದರಿಸಬೇಡಿ, ‘ಯಾಕೆ ಉಳಿಯಿತು’ ಎಂದು ಮೆಲ್ಲನೆ ಕೇಳಿ. ಉತ್ತರ ಮರೆವು ಆಗಿರಬಹುದು, ಒಂದು ಬಿಲ್ಲೂ ಆಗಿರಬಹುದು. ಬಿಲ್ಲಾದರೆ ಮಾಸಾಶನ ಬಂದ ದಿನ ಮೊದಲು ಮದ್ದಿನಂಗಡಿಗೆ ಹೋಗಿ ಬನ್ನಿ. ಬ್ಯಾಂಕಿಗೆ ಬರೆಯುವ ಕಾಗದಕ್ಕೆ ಮರುದಿನ ಜತೆಯಾಗಿ ಕುಳಿತರೂ ತಡವಾಗದು.