ಹಾರ್ಲೆಮ್‌ನ ‘ಸೂಪರ್ ಫ್ಲೈ’ಗೆ ಗಡಿನಾಡಿನಿಂದ ಒಂದು ನೋಟ

1972ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಸೂಪರ್ ಫ್ಲೈ’, ನ್ಯೂಯಾರ್ಕಿನ ಕಪ್ಪುಜನರ ಬಡಾವಣೆಯಾದ ಹಾರ್ಲೆಮ್‌ನಲ್ಲಿ ಕೊಕೇನ್ ಮಾರುವ ಪ್ರೀಸ್ಟ್ ಎಂಬಾತ ಕೊನೆಯದೊಂದು ದೊಡ್ಡ ವ್ಯವಹಾರ ಮುಗಿಸಿ ದಂಧೆಯಿಂದ ಹೊರಬೀಳಲು ಹೆಣಗುವ ಕಥೆ. ಗಾರ್ಡನ್ ಪಾರ್ಕ್ಸ್ ಜೂನಿಯರ್ ನಿರ್ದೇಶಿಸಿ, ರಂಗಭೂಮಿಯಲ್ಲಿ ಪಳಗಿದ ರಾನ್ ಓನೀಲ್ ನಾಯಕನಾಗಿ ನಟಿಸಿದ ಈ ಚಿತ್ರವನ್ನು ವಿಮರ್ಶಕರು ‘ಬ್ಲ್ಯಾಕ್ಸ್‌ಪ್ಲಾಯ್ಟೇಶನ್’ ಗುಂಪಿಗೆ ಸೇರಿಸುತ್ತಾರೆ; ಕಪ್ಪು ನಾಯಕರನ್ನು ಮುಂದಿಟ್ಟು, ಅಪರಾಧ, ಹೊಡೆದಾಟ, ಕಾಮಗಳನ್ನು ಬೆರೆಸಿ, ನಗರದ ಕಪ್ಪು ಪ್ರೇಕ್ಷಕರಿಗಾಗಿ ಅಲ್ಪ ವೆಚ್ಚದಲ್ಲಿ ತಯಾರಾದ 1970ರ ದಶಕದ ಚಿತ್ರಗಳಿಗೆ ಆ ಹೆಸರು.

ಚಿತ್ರವನ್ನು ಮೊದಲು ಕಟುವಾಗಿ ಖಂಡಿಸಿದವರಲ್ಲಿ ಕಪ್ಪುಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಸಂಘಟನೆಗಳೇ ಮುಂದಿದ್ದವು. ಮಾದಕವಸ್ತುವಿನಿಂದ ನಲುಗುತ್ತಿದ್ದ ಕೇರಿಗಳಲ್ಲಿ ಅದನ್ನು ಮಾರುವವನೇ ಮಕ್ಕಳ ಕಣ್ಣಿಗೆ ವೀರನಾಗುತ್ತಾನೆ ಎಂಬ ಅವರ ಆತಂಕವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಕಥೆಯಲ್ಲಿ ದಂಧೆಯ ತುದಿಯಲ್ಲಿ ಕೂತವನು ಬಿಳಿಯ ಪೊಲೀಸ್ ಅಧಿಕಾರಿ ಎಂಬುದೂ, ಪ್ರೀಸ್ಟ್ ಕೊನೆಗೆ ಸೋಲಿಸುವುದು ಅವನನ್ನೇ ಎಂಬುದೂ ಆ ಖಂಡನೆಯಲ್ಲಿ ಮರೆಯಾದವು. ಚಿತ್ರದೊಳಗಿನ ನಿಜವಾದ ವಿಮರ್ಶಕ ಸಂಗೀತಗಾರ ಕರ್ಟಿಸ್ ಮೇಫೀಲ್ಡ್: ತೆರೆಯ ಮೇಲಿನ ದೃಶ್ಯಗಳು ಕೊಕೇನ್‌ಗೆ ಜಾಹೀರಾತಿನಂತೆ ಕಂಡದ್ದರಿಂದ ಆತ ಆ ಬದುಕಿನ ಹಾನಿಯನ್ನು ತನ್ನ ಹಾಡುಗಳಲ್ಲಿ ಹೇಳಿದ. ಹೀಗೆ ಕಣ್ಣಿಗೆ ಬೀಳುವ ವೈಭವವನ್ನು ಕಿವಿಗೆ ಬೀಳುವ ಹಾಡು ಪ್ರಶ್ನಿಸುತ್ತದೆ, ಚಿತ್ರದ ಹಿರಿಮೆಯೂ ಆ ಘರ್ಷಣೆಯಲ್ಲೇ ಇದೆ.

ಮಹಾರಾಷ್ಟ್ರದ ಗಡಿಭಾಗದ ಉಮರ್ಗಾ, ನಿಲಂಗಾ, ಉದಗೀರಗಳ ಓದುಗರಿಗೆ ಈ ವಾಗ್ವಾದ ದೂರದ್ದಲ್ಲ. 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರಗಳೂ ನೆರೆಯ ಉಮರ್ಗಾವೂ ಕನ್ನಡ ಮರಾಠಿಗಳೆರಡೂ ಕೇಳಿಬರುವ ಊರುಗಳು. ಅಮೆರಿಕದ ಕಪ್ಪುಜನರ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ ಹೆಸರು ಪಡೆದ ದಲಿತ ಪ್ಯಾಂಥರ್ ಸಂಘಟನೆ ಮುಂಬೈಯಲ್ಲಿ ಹುಟ್ಟಿದ್ದು ಅದೇ 1972ರಲ್ಲಿ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ನಾಮದೇವ ಢಸಾಳರು ತಮ್ಮ ‘ಗೋಲಪಿಠಾ’ ಸಂಕಲನದಲ್ಲಿ ವೇಶ್ಯಾವಾಟಿಕೆಯ, ಪಾತಕಲೋಕದ ಮಾತನ್ನೇ ಕಾವ್ಯಕ್ಕೆ ತಂದಾಗ, ಸಭ್ಯ ಓದುಗರು ಮೊದಲು ಬೆಚ್ಚಿ, ಬಳಿಕ ಅದನ್ನು ಮರಾಠಿ ಕಾವ್ಯದ ತಿರುವೆಂದು ಒಪ್ಪಿದರು. 2016ರ ಮರಾಠಿ ಚಿತ್ರ ‘ಸೈರಾಟ್’ನಲ್ಲಿ ನಿರ್ದೇಶಕ ನಾಗರಾಜ ಮಂಜುಳೆ ಜಾತಿಯ ಹೆಸರಿನಲ್ಲಿ ನಡೆಯುವ ಕೊಲೆಯನ್ನು ಹಾಡುಕುಣಿತಗಳ ಜನಪ್ರಿಯ ಚಿತ್ರದೊಳಗಿಟ್ಟದ್ದೂ, ಅದು ಮರುವರ್ಷ ‘ಮನಸು ಮಲ್ಲಿಗೆ’ಯಾಗಿ ಕನ್ನಡಕ್ಕೆ ಬಂದದ್ದೂ ಇದೇ ಹಾದಿಯ ಮುಂದುವರಿಕೆ.

‘ಸೂಪರ್ ಫ್ಲೈ’ ಐವತ್ತು ವರ್ಷಗಳ ಬಳಿಕ, 2022ರಲ್ಲಿ, ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲಾತಿಗೆ, ಅಂದರೆ ಕಾಪಿಡಲೇಬೇಕಾದ ಚಿತ್ರಗಳ ಪಟ್ಟಿಗೆ, ಸೇರಿತು. ಆದರೆ ಮೇಫೀಲ್ಡ್‌ನ ಆ ಹಾಡುಗಳಲ್ಲೊಂದಾದ ‘ಫ್ರೆಡ್ಡೀಸ್ ಡೆಡ್’ನ ಸಾಹಿತ್ಯ ಚಿತ್ರದಲ್ಲಿ ಕೇಳಿಸುವುದಿಲ್ಲ, ಅದರ ವಾದ್ಯರೂಪವಷ್ಟೇ ಇದೆ. ಆದ್ದರಿಂದ ಚಿತ್ರ ನೋಡುವವರು ಆತನ ಧ್ವನಿಮುದ್ರಿಕೆಯನ್ನೂ ಪೂರ್ತಿಯಾಗಿ ಕೇಳಬೇಕು.