ಸುಣ್ಣ ಹೇಳಿದ ಇಸವಿ

ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ನಾನು, ಬಿಡುವಿನಲ್ಲಿ ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆಯ ದನದ ವ್ಯಾಗನ್ ಮಾಡುತ್ತಿದ್ದೇನೆ. ಅಳತೆ 1:76, ಅಂದರೆ ಬೆರಳುದ್ದ. ‘ಇದರಿಂದ ಏನು ಬರುತ್ತೋ?’ ಎನ್ನುತ್ತಾರೆ ಅಪ್ಪ.

ಬಣ್ಣಕ್ಕೆ ಮೊದಲು ಇಸವಿ ಗೊತ್ತಾಗಬೇಕು. 1910ರದಾದರೆ ಹಲಗೆಗಳ ಮೇಲೆ ಸುಣ್ಣದ ಬಿಳಿ ಕಲೆ ಬೇಕೇ ಬೇಕು. ರೋಗ ಹರಡದಿರಲೆಂದು ಆಗ ವ್ಯಾಗನ್ ತೊಳೆದು ಸುಣ್ಣ ಬಳಿಯುತ್ತಿದ್ದರು. ಅದು ದನಗಳ ಕಾಲಿಗೆ ಹಾನಿಯೆಂದು 1920ರ ದಶಕದಲ್ಲಿ ನಿಂತು, ಬೇರೆ ಸೋಂಕುನಿವಾರಕ ಬಂತು. ಆದರೂ 1935ರ ಮಾದರಿಗೂ ಬಿಳಿ ಬಳಿಯುವವರಿದ್ದಾರೆ; ಚೆಂದ ಕಾಣುತ್ತದಲ್ಲ! ತಾರೀಖಿಲ್ಲದ ಹಳೇ ಫೋಟೊ ಸಿಕ್ಕರೆ ನಾನೀಗ ಮೊದಲು ಹುಡುಕುವುದು ಆ ಕಲೆಯನ್ನೇ.

ಒಳಗಿನ ಅಡ್ಡಗೋಡೆ ಇನ್ನೂ ಬಾಕಿಯಿದೆ. ಅದು ಸರಿಯುವಂತಿರಬೇಕು: ದನ ಕಡಿಮೆಯಿದ್ದರೆ ಜಾಗ ಕಿರಿದಾಗಿಸಿ, ಅಷ್ಟಕ್ಕೇ ಬಾಡಿಗೆ ಪಡೆಯುತ್ತಿದ್ದರು.