ವಿದ್ಯುತ್ ಉಳಿಸುವ ಮನೆ: ಕೊಳ್ಳುವ ಮುನ್ನ ತಾರಸಿ ಹತ್ತಿ ನೋಡಿ

ಬೆಂಗಳೂರು: ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಲ್ಲಿ ಸ್ವತಂತ್ರ ಮನೆ ಮಾರಾಟದ ಜಾಹೀರಾತಿಗೆ ಹಿಂದೆಲ್ಲ ‘ಪೂರ್ವ ದಿಕ್ಕಿನ ಬಾಗಿಲು, ವಾಸ್ತು ಪ್ರಕಾರ, ಕಾವೇರಿ ನೀರು’ ಎಂಬ ಮೂರು ಮಾತು ಸಾಕಾಗಿತ್ತು. ಈಗ ‘ಸೋಲಾರ್ ಇದೆ, ವಿದ್ಯುತ್ ಉಳಿತಾಯದ ಮನೆ’ ಎಂಬ ನಾಲ್ಕನೆಯ ಮಾತೂ ಸೇರಿಕೊಂಡಿದೆ. ಈ ಮಾತಿಗೂ ಬೆಲೆ ಕಟ್ಟಲಾಗುತ್ತದೆ. ಆದರೆ ಉಳಿತಾಯ ನಿಂತಿರುವುದು ತಾರಸಿಗೆ ಬೀಳುವ ಬಿಸಿಲಿನ ಮೇಲೆ, ಕಿಟಕಿಗೆ ಬರುವ ಗಾಳಿಯ ಮೇಲೆ. ಇವೆರಡನ್ನೂ ಕ್ರಯಪತ್ರದಲ್ಲಿ ಬರೆದುಕೊಡಲು ಯಾರಿಂದಲೂ ಸಾಧ್ಯವಿಲ್ಲ.

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಈ ಊರಿನ ಹಳೆಯ ಮನೆಗಳು ಹವೆಯನ್ನು ನಂಬಿಯೇ ಕಟ್ಟಿದಂಥವು. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದಲ್ಲಿ ಅಲ್ಲಲ್ಲಿ ಉಳಿದಿರುವ ಹಳೆಯ ಮನೆಗಳನ್ನು ನೋಡಿದರೆ ಇದು ತಿಳಿಯುತ್ತದೆ: ದಪ್ಪ ಗೋಡೆ, ರೆಡ್ ಆಕ್ಸೈಡ್ ನೆಲ, ಕಿಟಕಿಯ ಮೇಲೆ ಅಗಲವಾದ ಸಜ್ಜಾ, ಸುತ್ತಲೂ ಒಂದಿಷ್ಟು ಖಾಲಿ ಜಾಗ, ಮುಂದೊಂದು ಮರ. ಇಂಧನ ದಕ್ಷತೆ ಎಂಬ ಪದ ಚಾಲ್ತಿಗೆ ಬರುವ ಮುನ್ನವೇ ಆ ಗುಣ ಅಲ್ಲಿತ್ತು. 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣಾಂಶ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಇಂಥ ಮನೆಗಳ ಬೆಲೆ ಹಲವರಿಗೆ ಅರಿವಾಯಿತು. ಆದರೆ ಮಾರುಕಟ್ಟೆ ಬೆಲೆ ಕಟ್ಟುವುದು ನಿವೇಶನಕ್ಕೆ. ಹಳೆಯ ಮನೆಯನ್ನು ಕೆಡವುವ ಖರ್ಚನ್ನಷ್ಟೇ ಲೆಕ್ಕಕ್ಕೆ ಹಿಡಿಯಲಾಗುತ್ತದೆ.

ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಹಾಗೂ ಆಗಸ್ಟ್ ಮಧ್ಯಭಾಗದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆದ್ದರಿಂದ ಬೇಸಿಗೆಯಲ್ಲಿ ಮನೆ ಕಾಯುವುದು ಮುಖ್ಯವಾಗಿ ಮೇಲಿನಿಂದ. ಹೊದಿಕೆಯಿಲ್ಲದ ಕಾಂಕ್ರೀಟ್ ಸ್ಲ್ಯಾಬ್ ಹಗಲೆಲ್ಲ ಹೀರಿದ ಶಾಖವನ್ನು ರಾತ್ರಿ ಮಲಗುವ ಕೋಣೆಗೆ ಇಳಿಸುತ್ತದೆ. ತಾರಸಿಗೆ ಬಿಳಿ ಬಣ್ಣ ಬಳಿಸಿದರೂ ಗಣನೀಯ ವ್ಯತ್ಯಾಸ ಕಾಣುತ್ತದೆ. ಅದಕ್ಕೆ ತಗಲುವ ವೆಚ್ಚ ಹವಾನಿಯಂತ್ರಕದ ಮುಂದೆ ಏನೇನೂ ಅಲ್ಲ.

ಇನ್ನು ನೆರಳಿನ ವಿಚಾರ. 30×40 ಅಡಿ ನಿವೇಶನಗಳ ಸಾಲಿನಲ್ಲಿ ಒಬ್ಬರ ಅಂತಸ್ತು ಮತ್ತೊಬ್ಬರ ಬಿಸಿಲನ್ನು ನುಂಗುತ್ತದೆ. ಡಿಸೆಂಬರ್ ಮೂರನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣ ದಿಕ್ಕಿನಲ್ಲಿ 53 ಡಿಗ್ರಿಯಷ್ಟು ಮಾತ್ರ ಮೇಲಿರುತ್ತಾನೆ. ದಕ್ಷಿಣದ ನೆರೆಮನೆ ನಿಮ್ಮ ತಾರಸಿಗಿಂತ ಎರಡು ಅಂತಸ್ತು, ಅಂದರೆ 20 ಅಡಿ ಎತ್ತರವಿದ್ದರೆ ಅದರ ನೆರಳು ನಡುಮಧ್ಯಾಹ್ನವೇ ಸುಮಾರು 15 ಅಡಿ ಚಾಚುತ್ತದೆ. ನಡುವಿನ ಐದಾರು ಅಡಿ ಬಿಟ್ಟರೂ ಒಂಬತ್ತು ಅಡಿ ತಾರಸಿ ಕತ್ತಲಿಗೆ. ಬೆಳಗ್ಗೆ, ಸಂಜೆ ಇನ್ನೂ ಹೆಚ್ಚು. ಸರಣಿಯಲ್ಲಿ ಜೋಡಿಸಿದ ಸೌರಫಲಕಗಳಲ್ಲಿ ಒಂದಕ್ಕೆ ನೆರಳು ಬಿದ್ದರೂ ಉಳಿದವುಗಳ ಉತ್ಪಾದನೆ ಕುಗ್ಗಬಹುದು. 1882ರ ಅನುಭೋಗ ಹಕ್ಕುಗಳ ಕಾಯ್ದೆ 20 ವರ್ಷ ನಿರಂತರವಾಗಿ ಕಟ್ಟಡಕ್ಕೆ ಬಂದ ಗಾಳಿ-ಬೆಳಕಿಗೆ ರಕ್ಷಣೆ ನೀಡುತ್ತದೆ, ನಿಜ. ಐದಾರು ವರ್ಷದ ಹಿಂದೆ ಕೂರಿಸಿದ ಫಲಕಕ್ಕೆ ಆ ಆಸರೆಯನ್ನು ನೆಚ್ಚಿಕೊಳ್ಳುವಂತಿಲ್ಲ. ದಕ್ಷಿಣದ ಪಕ್ಕದಲ್ಲಿ ಹಳೆಯ ಒಂದಂತಸ್ತಿನ ಮನೆಯಿದ್ದರೆ ಅದು ಹಾಗೆಯೇ ಉಳಿಯುತ್ತದೆಂದು ಭಾವಿಸಿ ಹಣ ಕೊಡುವುದು ಜೂಜು.

ಸೌರ ನೀರು ಕಾಯಿಸುವ ಯಂತ್ರವಿದೆ ಎಂಬುದು ವಿಶೇಷ ಗುಣವೇನಲ್ಲ. ನಗರ ಪ್ರದೇಶದ ಹೊಸ ಮನೆಗಳಿಗೆ ರಾಜ್ಯ ಸರ್ಕಾರ 2007ರಲ್ಲೇ ಅದನ್ನು ಕಡ್ಡಾಯಗೊಳಿಸಿತ್ತು. ನೋಡಬೇಕಾದದ್ದು ಅದು ಕೆಲಸ ಮಾಡುತ್ತಿದೆಯೇ ಎಂಬುದನ್ನು. ಕೊಳವೆಬಾವಿಯ ಗಡುಸು ನೀರು ಕೊಳವೆಗಳಲ್ಲಿ ಸುಣ್ಣ ಕಟ್ಟಿಸುತ್ತದೆ. ಬಳಿಕ ಮನೆಯವರು ಸದ್ದಿಲ್ಲದೆ ಗೀಸರ್‌ಗೆ ಮರಳಿರುತ್ತಾರೆ. ನೂರು ಲೀಟರ್ ನೀರನ್ನು 22 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು ನಾಲ್ಕೂವರೆ ಯೂನಿಟ್ ವಿದ್ಯುತ್ ಬೇಕು. ಒಂದು ಕಿಲೋವ್ಯಾಟ್ ಸೌರಫಲಕ ಇಡೀ ದಿನ ಉತ್ಪಾದಿಸುವುದೂ ಹೆಚ್ಚುಕಡಿಮೆ ಅಷ್ಟೇ.

ವಿದ್ಯುತ್ ಫಲಕಗಳಿದ್ದರೆ ಕಾಗದಪತ್ರ ಮುಖ್ಯ. ಬೆಸ್ಕಾಂ ಜತೆಗಿನ ಖರೀದಿ ಒಪ್ಪಂದ 25 ವರ್ಷದ್ದು. 2013ರಲ್ಲಿ ವಿದ್ಯುತ್ ನಿಯಂತ್ರಣ ಆಯೋಗ ಸಹಾಯಧನವಿಲ್ಲದ ತಾರಸಿ ಘಟಕಗಳಿಗೆ ಯೂನಿಟ್‌ಗೆ 9.56 ರೂಪಾಯಿ ನಿಗದಿಪಡಿಸಿತ್ತು. ಬಳಿಕ ದರ ಇಳಿಯಿತು. ಆ ಕಾಲದ ಒಪ್ಪಂದವಿರುವ ಮನೆಗೂ ಬರಿಯ ಫಲಕವಿರುವ ಮನೆಗೂ ಅಜಗಜಾಂತರ. ಆರ್.ಆರ್. ನಂಬರ್‌ನೊಂದಿಗೆ ಒಪ್ಪಂದವೂ ಹೆಸರಿಗೆ ವರ್ಗವಾಗುತ್ತದೆಯೇ ಎಂದು ಮುಂಗಡ ಕೊಡುವ ಮುನ್ನವೇ ಬೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ವಿಚಾರಿಸುವುದು ಲೇಸು. ಫಲಕವಿಲ್ಲದ ಮನೆ ಕೊಳ್ಳುವವರಿಗೆ 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78 ಸಾವಿರ ರೂಪಾಯಿ ಸಹಾಯಧನ ನಿಗದಿಯಾಗಿದೆ. ಅದಕ್ಕೆ ಸುಮಾರು 300 ಚದರ ಅಡಿ ನೆರಳಿಲ್ಲದ ತಾರಸಿ ಬೇಕು.

ನೀರಿನಲ್ಲೂ ವಿದ್ಯುತ್ ಅಡಗಿದೆ. ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಮೇಲೇರಿ ಬರುತ್ತದೆ. ಸಾವಿರ ಚದರ ಅಡಿ ತಾರಸಿಯ ಮೇಲೆ ವರ್ಷಕ್ಕೆ ಬೀಳುವ ಮಳೆಯೇ ಸರಿಸುಮಾರು 90 ಸಾವಿರ ಲೀಟರ್. ಅದನ್ನು ಹಿಡಿಯುವ ಬಗೆಯನ್ನು ಜಯನಗರ 5ನೇ ಬ್ಲಾಕ್‌ನಲ್ಲಿರುವ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಸಂಗ್ರಹ ಉದ್ಯಾನದಲ್ಲಿ ಮಾದರಿಗಳ ಸಹಿತ ಕಾಣಬಹುದು. 2009ರ ಕಾಯ್ದೆ ತಿದ್ದುಪಡಿಯಿಂದ 30×40 ನಿವೇಶನದ ಹೊಸ ಕಟ್ಟಡಗಳಿಗೂ ಮಳೆನೀರು ಸಂಗ್ರಹ ಕಡ್ಡಾಯ. ಅಳವಡಿಸದಿದ್ದರೆ ದಂಡ ನೀರಿನ ಬಿಲ್ಲಿಗೇ ಸೇರಿ ಬರುತ್ತದೆ.

ಕೊನೆಯದಾಗಿ, ‘ನಮಗೆ ಕರೆಂಟ್ ಬಿಲ್ಲೇ ಬರುವುದಿಲ್ಲ’ ಎಂಬ ಮಾರಾಟಗಾರರ ಮಾತು. 2023ರಲ್ಲಿ ಜಾರಿಯಾದ ಗೃಹಜ್ಯೋತಿಯ ಫಲವಾಗಿ ಶೂನ್ಯ ಬಿಲ್ ಪಡೆಯುತ್ತಿರುವ ಮನೆಗಳು ಅಸಂಖ್ಯ. ಅದಕ್ಕೂ ಮನೆಯ ಗುಣಕ್ಕೂ ಸಂಬಂಧವಿಲ್ಲ. ಶೂನ್ಯ ಬಿಲ್ಲಿನಲ್ಲೂ ಬಳಸಿದ ಯೂನಿಟ್ ನಮೂದಾಗಿರುತ್ತದೆ. ಹನ್ನೆರಡು ತಿಂಗಳ ಬಿಲ್ ಕೇಳಿ, ಮಾರ್ಚ್-ಏಪ್ರಿಲ್ ಹಾಗೂ ಡಿಸೆಂಬರ್ ತಿಂಗಳ ಯೂನಿಟ್‌ಗಳನ್ನು ಹೋಲಿಸಿ, ಮನೆಯಲ್ಲಿ ಎಷ್ಟು ಜನರಿದ್ದರೆಂದು ವಿಚಾರಿಸಬೇಕು. ಮನೆ ನೋಡಲು ಸಂಜೆ ಹೋಗುವುದಕ್ಕಿಂತ ಮಧ್ಯಾಹ್ನ ಮೂರರ ಸುಮಾರಿಗೆ ಹೋಗಿ, ಫ್ಯಾನ್ ಆರಿಸಿ, ಮೇಲಂತಸ್ತಿನ ಕೋಣೆಯಲ್ಲಿ ಹತ್ತು ನಿಮಿಷ ಕೂರುವುದು ಒಳಿತು.